ಹಳೆಯ ಕಾರಿನ ಎಂಜಿನ್ ಸದ್ದು, ಚೆಕ್ ಎಂಜಿನ್ ಲೈಟ್, ಕೋಡುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಟು ವರ್ಷ ದಾಟಿದ, ಲಕ್ಷ ಕಿಲೋಮೀಟರ್ ಸುತ್ತಮುತ್ತ ಓಡಿದ ಕಾರುಗಳಿಗೆ ಈ ಪುಟ. ನಮ್ಮ ರಸ್ತೆಗಳಲ್ಲಿ ಹೆಚ್ಚು ಕಾಣುವ ಆಲ್ಟೋ, ವ್ಯಾಗನ್ ಆರ್, ಸ್ವಿಫ್ಟ್, ಸ್ಯಾಂಟ್ರೋ, ಐ10 ತರಹದ ಪೆಟ್ರೋಲ್ ಗಾಡಿಗಳು ಮತ್ತು 1.3 ಲೀಟರಿನ ಡೀಸೆಲ್ ಗಾಡಿಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಕೋಡ್ ಎಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ದೋಷ ಕಂಡಾಗ ಬರೆದಿಡುವ ಗುರುತು, ಉದಾಹರಣೆಗೆ ಪಿ0171. ಇಲ್ಲಿ ಕೊಟ್ಟ ಅಳತೆಗಳು ಸಾಮಾನ್ಯ ಮಿತಿಗಳು. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕ ಬೇರೆ ಹೇಳಿದರೆ ಪುಸ್ತಕದ್ದೇ ಸರಿ.

ಯಾವ ಲೈಟ್ ಬಂದರೆ ಗಾಡಿಯನ್ನು ತಕ್ಷಣ ನಿಲ್ಲಿಸಬೇಕು?

ಕೆಂಪು ಬಣ್ಣದ್ದು ಯಾವುದೇ ಬಂದರೂ ನಿಲ್ಲಿಸಿ. ಅದರಲ್ಲೂ ಎಣ್ಣೆ ಕ್ಯಾನಿನ ಗುರುತಿರುವ ಆಯಿಲ್ ಲೈಟ್ ಓಡುವಾಗ ಹತ್ತಿದರೆ ಮುಂದಿನ ಪೆಟ್ರೋಲ್ ಬಂಕ್‌ವರೆಗೂ ಹೋಗಬೇಡಿ. ಆ ಲೈಟ್ ಎಂಜಿನ್ನಿನಲ್ಲಿ ಎಷ್ಟು ಆಯಿಲ್ ಇದೆ ಎಂದು ಹೇಳುವುದಿಲ್ಲ, ಒತ್ತಡ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಒತ್ತಡ ಅರ್ಧ ಬಾರ್‌ಗಿಂತಲೂ ಕೆಳಗಿಳಿದ ಮೇಲಷ್ಟೇ ಅದು ಹತ್ತುತ್ತದೆ. ಅಂದರೆ ಲೈಟ್ ಕಾಣುವ ಹೊತ್ತಿಗೆ ಬೇರಿಂಗುಗಳು ಆಗಲೇ ಒಣಗುತ್ತಿರುತ್ತವೆ. ಎರಡು ನಿಮಿಷದ ಓಟ ಸಾಕು, ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟ್) ಕೆಲಸಕ್ಕೆ ಎಂಜಿನ್ ಇಳಿಸಬೇಕಾಗುತ್ತದೆ.

ಕೆಂಪು ಟೆಂಪರೇಚರ್ ಲೈಟ್ ಬಂದರೆ ಎಸಿ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ. ರೇಡಿಯೇಟರ್ ಮುಚ್ಚಳವನ್ನು ಕನಿಷ್ಠ ಮುಕ್ಕಾಲು ಗಂಟೆ ಮುಟ್ಟಬೇಡಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುತ್ತದೆ.

ಹಳದಿ ಚೆಕ್ ಎಂಜಿನ್ ಲೈಟ್ ಸ್ಥಿರವಾಗಿ ಉರಿಯುತ್ತಿದ್ದು ಪಿಕಪ್ ಸರಿಯಾಗಿದ್ದರೆ ನಿಧಾನವಾಗಿ ಮನೆ ಸೇರಬಹುದು. ಅದೇ ಲೈಟ್ ಮಿಣುಕುತ್ತಿದ್ದರೆ ವಿಷಯ ಬೇರೆ. ಯಾವುದೋ ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದೆ (ಅದರಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ), ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತಿದೆ ಎಂದರ್ಥ. ಕನ್ವರ್ಟರ್ ಕರಗುತ್ತದೆ. ಆಕ್ಸಿಲರೇಟರ್ ಬಿಟ್ಟು, ನಿಲ್ಲಿಸಿ.

ಬಿಸಿಯಾದ ಮೇಲೆ, ಐಡ್ಲಿಂಗಿನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಮಾತ್ರ ಆಯಿಲ್ ಲೈಟ್ ಮಿಣುಕುತ್ತದೆ, ರೇಸ್ ಮಾಡಿದರೆ ಹೋಗುತ್ತದೆ. ಸೆನ್ಸರ್ ಹಾಳಾಗಿದೆಯೇ?

ಇರಬಹುದು, ಆದರೆ ಹಾಗೆಂದು ನಂಬಿ ಓಡಿಸಬೇಡಿ. ಮೊದಲು ಸಮತಟ್ಟಾದ ಜಾಗದಲ್ಲಿ ಎಂಜಿನ್ ಆರಿಸಿ 5 ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮಟ್ಟ ಸರಿಯಿದ್ದರೆ ಕೊನೆಯ ಸಲ ಹಾಕಿದ ಆಯಿಲಿನ ಗ್ರೇಡ್ ಯಾವುದು, ಎಷ್ಟು ಕಿಲೋಮೀಟರ್ ಆಯಿತು ಎಂದು ನೋಡಿ. ಪೆಟ್ರೋಲ್ ವಾಸನೆ ಹೊಡೆಯುವ, ನೀರಾದ ಆಯಿಲ್ ಇದ್ದರೆ ಬದಲಿಸಿ. ಆಮೇಲೂ ಲೈಟ್ ಬಂದರೆ ಆಯಿಲ್ ಲೈಟಿನ ಸ್ವಿಚ್ (ಅದೇ ಸೆನ್ಸರ್) ಬಿಚ್ಚಿ ಆ ತೂತಿಗೆ ಮೆಕ್ಯಾನಿಕಲ್ ಪ್ರೆಶರ್ ಗೇಜ್ ಹಾಕಿಸಿ. ಎಂಜಿನ್ ಚೆನ್ನಾಗಿ ಬಿಸಿಯಾದಾಗ ಐಡ್ಲಿಂಗಿನಲ್ಲಿ ಸುಮಾರು 1 ಬಾರ್, 2000 ಆರ್‌ಪಿಎಂನಲ್ಲಿ 2ರಿಂದ 3 ಬಾರ್ ಇದ್ದರೆ ಎಂಜಿನ್ ಚೆನ್ನಾಗಿದೆ, ಸ್ವಿಚ್ ಬದಲಿಸಿ ನೆಮ್ಮದಿಯಾಗಿರಿ. ಗೇಜ್ ಕೂಡ ಕಡಿಮೆ ತೋರಿಸಿದರೆ ಸಂಪ್‌ನ (ಎಂಜಿನ್ ಅಡಿಯ ಆಯಿಲ್ ತೊಟ್ಟಿಯ) ಜಾಲರಿ ಕಟ್ಟಿರಬೇಕು, ಪಂಪ್ ಸವೆದಿರಬೇಕು, ಇಲ್ಲವೇ ಬೇರಿಂಗ್ ಸವೆದಿರಬೇಕು. ಸಂಪ್ ಇಳಿಸಿ ನೋಡುವುದು ಇವುಗಳಲ್ಲಿ ಅಗ್ಗದ ಕೆಲಸ, ಅದರಿಂದಲೇ ಶುರುಮಾಡಿ. ಗೇಜ್ ಹಾಕದೆ ದಪ್ಪ ಆಯಿಲ್ ಸುರಿದು ಲೈಟ್ ಆರಿಸುವ ಪದ್ಧತಿಯಿಂದ ರೋಗ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ.

ಸದ್ದು ಎಲ್ಲಿಂದ ಬರುತ್ತಿದೆ ಎಂದು ಹೇಗೆ ಹುಡುಕುವುದು?

ಕಿವಿಗಿಂತ ಮೊದಲು ಗಡಿಯಾರ ಬೇಕು. ಸದ್ದು ಹೇಗಿದೆ ಎನ್ನುವುದಕ್ಕಿಂತ ಯಾವಾಗ ಬರುತ್ತದೆ ಎನ್ನುವುದೇ ಹೆಚ್ಚು ಹೇಳುತ್ತದೆ. ಬೆಳಿಗ್ಗೆ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ನಿಂತಲ್ಲಿ ರೇಸ್ ಮಾಡಿದಾಗ ಏರುತ್ತದೆಯೋ, ಗಾಡಿ ಓಡುವಾಗ ವೇಗದ ಜೊತೆ ಏರುತ್ತದೆಯೋ? ನಿಂತಲ್ಲಿ ರೇಸ್ ಮಾಡಿದಾಗ ಬಾರದ ಸದ್ದು, 60ರಲ್ಲಿ ನ್ಯೂಟ್ರಲ್‌ಗೆ ಹಾಕಿದರೂ ಮುಂದುವರಿದರೆ ಅದು ಎಂಜಿನ್ನಿನದಲ್ಲ. ವೀಲ್ ಬೇರಿಂಗ್, ಟಯರ್, ಆಕ್ಸಲ್ ಕಡೆ ನೋಡಿ. (ನ್ಯೂಟ್ರಲ್ ಪರೀಕ್ಷೆಯನ್ನು ಖಾಲಿ, ಸಮತಟ್ಟಾದ ರಸ್ತೆಯಲ್ಲಿ ಮಾತ್ರ ಮಾಡಿ. ಕೀ ಆಫ್ ಮಾಡಬೇಡಿ.) ಎಸಿ ಹಾಕಿದಾಗ, ಕ್ಲಚ್ ಒತ್ತಿದಾಗ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಬದಲಾಗುತ್ತದೆಯೇ ಎಂದೂ ಗಮನಿಸಿ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಗ್ಯಾರೇಜಿನಲ್ಲಿ ಅರ್ಧ ದಿನ ಉಳಿಯುತ್ತದೆ.

ಆಮೇಲೆ ಜಾಗ. ಉದ್ದದ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿನ ಗಟ್ಟಿ ಭಾಗಕ್ಕೆ ತಾಗಿಸಿ, ಹಿಡಿಕೆಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿದರೆ ಒಳಗಿನ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಮೆಕ್ಯಾನಿಕ್ ಸ್ಟೆತಸ್ಕೋಪ್ ಸಿಕ್ಕರೆ ಇನ್ನೂ ಒಳ್ಳೆಯದು. ಟ್ಯಾಪೆಟ್ ಕವರ್ (ಎಂಜಿನ್ ಮೇಲಿನ ಮುಚ್ಚಳ), ಬ್ಲಾಕ್ ಪಕ್ಕ, ಸಂಪ್, ಚೈನ್ ಕವರ್, ಡೈನಮೋ, ವಾಟರ್ ಪಂಪ್, ಎಸಿ ಕಂಪ್ರೆಸರ್ ಹೀಗೆ ಒಂದೊಂದಕ್ಕೂ ತಾಗಿಸಿ ಹೋಲಿಸಿ. ಹತ್ತಿರದ ಎರಡು ಜಾಗಗಳಲ್ಲಿ ಎಲ್ಲಿ ಚೂಪಾಗಿ ಕೇಳುತ್ತದೆಯೋ ಅದೇ ಮೂಲ. ಗಾಳಿ, ಹೊಗೆ ಸೋರುವ ಸದ್ದಿಗೆ ಸ್ಕ್ರೂ ಡ್ರೈವರ್ ಉಪಯೋಗವಿಲ್ಲ. ಒಂದು ಮೀಟರ್ ರಬ್ಬರ್ ಪೈಪಿನ ಒಂದು ತುದಿ ಕಿವಿಯ ಹತ್ತಿರ, ಇನ್ನೊಂದು ತುದಿ ಜೋಡಣೆಗಳ ಮೇಲೆ ಆಡಿಸಿ.

ಸೆರಗು, ದುಪಟ್ಟ, ತೋಳು, ಕೂದಲು ಬೆಲ್ಟಿನಿಂದ ದೂರ ಇರಲಿ. ರೇಡಿಯೇಟರ್ ಫ್ಯಾನ್ ಯಾವ ಕ್ಷಣದಲ್ಲಾದರೂ ತಾನಾಗಿ ಶುರುವಾಗುತ್ತದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಕರಕರ ಎಂದು ಸದ್ದಾಗಿ ನಿಲ್ಲುತ್ತದೆ. ಚಿಂತಿಸಬೇಕೇ?

ಒಂದು ಸೆಕೆಂಡಿನೊಳಗೆ ನಿಂತರೆ ಹಳೆಯ ಗಾಡಿಗೆ ಅದು ಸಹಜ. ರಾತ್ರಿಯಿಡೀ ಮೇಲಿನಿಂದ ಇಳಿದ ಆಯಿಲ್ ಮತ್ತೆ ಏರುವವರೆಗಿನ ಸದ್ದು. ಎರಡು ಮೂರು ಸೆಕೆಂಡ್ ಆಗುತ್ತಿದ್ದರೆ ಮೊದಲ ಅನುಮಾನ ಆಯಿಲ್ ಫಿಲ್ಟರಿನ ಮೇಲೆ. ಒಳ್ಳೆಯ ಫಿಲ್ಟರಿನಲ್ಲಿ ಆಯಿಲ್ ಹಿಂದಕ್ಕೆ ಇಳಿಯದಂತೆ ಒಂದು ರಬ್ಬರ್ ವಾಲ್ವ್ ಇರುತ್ತದೆ, ನಕಲಿ ಫಿಲ್ಟರಿನಲ್ಲಿ ಅದು ನೆಪಕ್ಕಷ್ಟೇ. ಕಂಪನಿಯ ಫಿಲ್ಟರ್ ಹಾಕಿದ ಮೇಲೆ ಸದ್ದು ಹೋದರೆ ವಿಷಯ ಮುಗಿಯಿತು.

ಹೋಗದಿದ್ದರೆ ಟೈಮಿಂಗ್ ಚೈನ್, ಅಂದರೆ ಕ್ರ್ಯಾಂಕನ್ನೂ ವಾಲ್ವ್ ತೆರೆಯುವ ಕ್ಯಾಮನ್ನೂ ಜೋಡಿಸುವ ಸರಪಳಿಯ ಕಡೆ ನೋಡಬೇಕು. ಸ್ವಿಫ್ಟ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೋಗಳಲ್ಲಿ ಬಂದ 1248 ಸಿಸಿ ಡೀಸೆಲ್ ಎಂಜಿನ್ ಚೈನಿನದು. ಮಾರುತಿಯ ಕೆ ಸೀರೀಸ್ ಪೆಟ್ರೋಲ್ ಎಂಜಿನ್ನುಗಳೂ ಚೈನಿನವೇ. ಚೈನ್ ಜೀವನಪೂರ್ತಿ ಬರುತ್ತದೆ ಎನ್ನುವ ಮಾತು ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿದವರಿಗೆ ಮಾತ್ರ ಅನ್ವಯಿಸುತ್ತದೆ. ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಒತ್ತಡದಿಂದ. ಮಟ್ಟ ಇಳಿದ, ಕೆಸರಾದ ಆಯಿಲಿನಲ್ಲಿ ಅದು ಸಡಿಲವಾಗುತ್ತದೆ, ಚೈನ್ ಕವರಿಗೆ ಬಡಿಯುತ್ತದೆ, ಪ್ಲಾಸ್ಟಿಕ್ ಗೈಡ್ ತುಂಡಾಗುತ್ತದೆ. ಈ ಸದ್ದಿನ ಜೊತೆ ಪಿ0016 ಕೋಡ್ ಬಂದರೆ, ಅಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ನಡುವಿನ ಹೊಂದಾಣಿಕೆ ತಪ್ಪಿದೆ ಎಂದು ಇಸಿಯು ಹೇಳಿದರೆ, ಗಾಡಿ ಓಡಿಸಬೇಡಿ. ಚೈನ್ ಹಲ್ಲು ಹಾರಿದರೆ ವಾಲ್ವ್ ಪಿಸ್ಟನ್ನಿಗೆ ಬಡಿಯಬಹುದು. ಬದಲಿಸುವಾಗ ಚೈನ್, ಟೆನ್ಷನರ್, ಎರಡೂ ಗೈಡ್, ಸ್ಪ್ರಾಕೆಟ್ ಎಲ್ಲವನ್ನೂ ಸೆಟ್ಟಾಗಿಯೇ ಹಾಕಿಸಿ. ಬರೀ ಚೈನ್ ಹಾಕಿಸಿದರೆ ಅದೇ ಕೂಲಿಯನ್ನು ಇನ್ನೊಮ್ಮೆ ಕೊಡಬೇಕಾಗುತ್ತದೆ.

ಮೇಲಿನಿಂದ ಟಿಕ್ ಟಿಕ್ ಸದ್ದು. ಟ್ಯಾಪೆಟ್ ಅಡ್ಜಸ್ಟ್ ಮಾಡಿಸಿದರೆ ಸಾಕೇ?

ಟಿಕ್ ಟಿಕ್ ಎಂದ ಕೂಡಲೇ ಟ್ಯಾಪೆಟ್ (ವಾಲ್ವನ್ನು ಒತ್ತಿ ತೆರೆಯುವ ಭಾಗ) ಎಂದುಕೊಳ್ಳುವುದು ರೂಢಿ. ಅದೇ ಸದ್ದು ಮಾಡುವವು ನಾಲ್ಕಿವೆ.

ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ತನ್ನಷ್ಟಕ್ಕೆ ಟಿಕ್ ಟಿಕ್ ಎನ್ನುತ್ತದೆ, ಅದು ಆರೋಗ್ಯದ ಸದ್ದು. ಸ್ಕ್ರೂ ಡ್ರೈವರನ್ನು ಇಂಜೆಕ್ಟರಿಗೇ ತಾಗಿಸಿ ನೋಡಿ, ಎಲ್ಲವೂ ಒಂದೇ ತರಹ ಕೇಳಿದರೆ ಬಿಟ್ಟುಬಿಡಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿದರೂ ಟಿಕ್ ಟಿಕ್ ಬರುತ್ತದೆ. ತಣ್ಣಗಿದ್ದಾಗ ಜೋರು, ಕಬ್ಬಿಣ ಬಿಸಿಯಾಗಿ ಹಿಗ್ಗಿ ಸಂದು ಮುಚ್ಚಿದ ಮೇಲೆ ಕಡಿಮೆ. ಗ್ಯಾಸ್ಕೆಟ್ ಅಂಚಿನಲ್ಲಿ ಮಸಿಯ ಗುರುತು ಕಾಣುತ್ತದೆ. ಸಡಿಲವಾದ ಸ್ಪಾರ್ಕ್ ಪ್ಲಗ್ಗಿನದು ಮೂರನೆಯದು. ಲೋಡ್ ಬಿದ್ದಾಗ ಟಿಸ್ ಟಿಸ್ ಎನ್ನುತ್ತದೆ, ಪ್ಲಗ್ ಸುತ್ತ ಕಂದು ಕಲೆ ಇರುತ್ತದೆ.

ನಿಜವಾದ ಟ್ಯಾಪೆಟ್ ಸದ್ದು ಎಂಜಿನ್ ಸುತ್ತುವುದರ ಅರ್ಧ ಲಯದಲ್ಲಿ ಬರುತ್ತದೆ. 800 ಆರ್‌ಪಿಎಂ ಐಡ್ಲಿಂಗಿನಲ್ಲಿ ಒಂದು ವಾಲ್ವ್ ನಿಮಿಷಕ್ಕೆ 400 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ ಆರೇಳು ಸಲ. ಕೆಳಗಿನ ಬೇರಿಂಗ್ ಸದ್ದು ಇದರ ಎರಡರಷ್ಟು ವೇಗ. ಎಲ್ಲ ಎಂಜಿನ್ನಿನಲ್ಲೂ ಸ್ಕ್ರೂ ತಿರುಗಿಸಿ ಸರಿಮಾಡುವ ಟ್ಯಾಪೆಟ್ ಇರುವುದಿಲ್ಲ. 1.3 ಡೀಸೆಲ್‌ನಲ್ಲಿ ಆಯಿಲ್ ಒತ್ತಡದಿಂದ ತಾನೇ ಸರಿಹೊಂದುವ ಹೈಡ್ರಾಲಿಕ್ ಟ್ಯಾಪೆಟ್ ಇದೆ, ಅದು ಸದ್ದು ಮಾಡಿದರೆ ಆಯಿಲ್ ಕಡೆ ನೋಡಬೇಕು. ಸ್ಕ್ರೂ ಇರುವ ಎಂಜಿನ್ನಿನಲ್ಲಿ ಟ್ಯಾಪೆಟ್ ಮತ್ತು ವಾಲ್ವ್ ನಡುವಿನ ಸಂದು ಬಿಗಿಯಾಗಿಡಿಸಿ ಸದ್ದು ಪೂರ್ತಿ ಹೋಗಲಾಡಿಸುವುದು ತಪ್ಪು. ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚದೆ ಅಂಚು ಸುಟ್ಟುಹೋಗುತ್ತದೆ. ಎಲ್‌ಪಿಜಿ, ಸಿಎನ್‌ಜಿ ಹಾಕಿಸಿದ ಗಾಡಿಗಳಲ್ಲಿ ವಾಲ್ವ್ ಸೀಟ್ ಬೇಗ ಸವೆದು ಸಂದು ತಾನೇ ಕಡಿಮೆಯಾಗುತ್ತಾ ಬರುವುದರಿಂದ, ಸದ್ದೇ ಇಲ್ಲದ ಟ್ಯಾಪೆಟ್ಟನ್ನೂ ಅಳೆಯಬೇಕು.

ಡೀಸೆಲ್ ಗಾಡಿ. ಎಂಜಿನ್ ಮೇಲಿಂದ ಚುಕ್ ಚುಕ್ ಎಂದು ಹಬೆ ಬಿಟ್ಟಂತೆ ಸದ್ದು, ಒಳಗೆ ಹೊಗೆ ವಾಸನೆ.

ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಸೋರುತ್ತಿದೆ. ಇಂಜೆಕ್ಟರ್ ಬುಡದಲ್ಲಿ ಡಾಂಬರಿನಂಥ ಕಪ್ಪು ಗಟ್ಟಿ ವಸ್ತು ಕಾಣಿಸಿದರೆ ಖಚಿತ. ಇದನ್ನು ಮುಂದೂಡಬೇಡಿ: ಆ ಡಾಂಬರು ಗಟ್ಟಿಯಾದಷ್ಟೂ ಇಂಜೆಕ್ಟರ್ ಹೆಡ್‌ನಲ್ಲಿ ಕಚ್ಚಿಕೊಳ್ಳುತ್ತದೆ. ಇವತ್ತು ಕೆಲವು ನೂರು ರೂಪಾಯಿಗಳ ಕೆಲಸ, ಆರು ತಿಂಗಳಾದರೆ ಇಂಜೆಕ್ಟರ್ ಮುರಿದು ಹೆಡ್ ಇಳಿಸುವ ಕೆಲಸ. ವಾಷರ್ ಹೊಸದೇ ಆಗಬೇಕು, ಸೀಟನ್ನು ಕಟರ್‌ನಿಂದ ಶುದ್ಧ ಮಾಡಬೇಕು, ಕ್ಲ್ಯಾಂಪ್ ಬೋಲ್ಟನ್ನು ಟಾರ್ಕ್ ರೆಂಚ್‌ನಿಂದಲೇ ಬಿಗಿಯಬೇಕು. ಹಳೆಯ ವಾಷರನ್ನೇ ಕಾಯಿಸಿ ಹಾಕಿದ ಕೆಲಸ ಹೆಚ್ಚು ದಿನ ನಿಲ್ಲುವುದಿಲ್ಲ.

ಕೆಳಗಿನಿಂದ ಭಾರವಾದ ಟಕ್ ಟಕ್ ಸದ್ದು, ರೇಸ್ ಮಾಡಿದರೆ ಜೋರಾಗುತ್ತದೆ.

ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಇರಬಹುದು. ಎಲ್ಲ ಸದ್ದುಗಳಲ್ಲಿ ಇದೇ ಗಂಭೀರ. ಬಿಸಿಯಾದಷ್ಟೂ ಜೋರಾಗುತ್ತದೆ, ಏಕೆಂದರೆ ಆಯಿಲ್ ತೆಳುವಾಗುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಖಚಿತಪಡಿಸಿಕೊಳ್ಳುವ ಬಗೆ ಹೀಗೆ: ಎಂಜಿನ್ ಆರಿಸಿ ಒಂದನೇ ಸಿಲಿಂಡರಿನ ಇಂಜೆಕ್ಟರ್ ಕನೆಕ್ಟರ್ ತೆಗೆಯಿರಿ, ಸ್ಟಾರ್ಟ್ ಮಾಡಿ ಹತ್ತು ಸೆಕೆಂಡ್ ಕೇಳಿ, ಆರಿಸಿ ಮತ್ತೆ ಹಾಕಿ. ಹೀಗೆ ಒಂದೊಂದಾಗಿ ಎಲ್ಲವನ್ನೂ ನೋಡಿ. ಯಾವ ಸಿಲಿಂಡರ್ ನಿಲ್ಲಿಸಿದಾಗ ಸದ್ದು ಥಟ್ಟನೆ ಇಳಿಯುತ್ತದೆಯೋ ಅದರ ರಾಡ್ ಬೇರಿಂಗ್ ಹೋಗಿದೆ. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ತೆಗೆಯುವ ಬದಲು ಇಂಜೆಕ್ಟರ್ ತೆಗೆಯಲು ಕಾರಣವಿದೆ: ಪೆಟ್ರೋಲೇ ಹೋಗದಿದ್ದರೆ ಕನ್ವರ್ಟರಿಗೆ ಹಾನಿಯಿಲ್ಲ. ಪರೀಕ್ಷೆಯಾದ ಮೇಲೆ ಮಿಸ್ಸಿಂಗ್ ಕೋಡುಗಳು ಬಂದಿರುತ್ತವೆ, ಅಳಿಸಿಬಿಡಿ. ಕಾಮನ್ ರೈಲ್ ಡೀಸೆಲ್‌ನಲ್ಲಿ (ರೈಲ್ ಎಂಬ ಒಂದೇ ಒತ್ತಡದ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹೋಗುವ ಎಂಜಿನ್) ಓಡುತ್ತಿರುವಾಗ ಇಂಜೆಕ್ಟರ್ ವೈರ್ ಎಳೆಯಬೇಡಿ, ಅಲ್ಲಿ ಬ್ಯಾಟರಿಗಿಂತ ಎಷ್ಟೋ ಹೆಚ್ಚು ವೋಲ್ಟೇಜ್ ಇರುತ್ತದೆ. ಸ್ಕ್ಯಾನರಿನಿಂದಲೇ ಒಂದೊಂದು ಸಿಲಿಂಡರ್ ನಿಲ್ಲಿಸಿ ನೋಡಿಸಿ.

ಆಯಿಲ್ ಬಸಿದಾಗ ಬಿಸಿಲಿಗೆ ಹಿಡಿದು ನೋಡಿ, ಫಿಲ್ಟರನ್ನು ಕೊಯ್ದು ಮಡಿಕೆಗಳನ್ನು ಬಿಡಿಸಿ ನೋಡಿ. ತಾಮ್ರ ಅಥವಾ ಬೆಳ್ಳಿ ಬಣ್ಣದ ಚೂರು ಮಿನುಗಿದರೆ ಗಾಡಿಯನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಿರಿ. ಈ ಹಂತದಲ್ಲಿ ಹಿಡಿದರೆ ಬೇರಿಂಗ್ ಸೆಟ್ ಮತ್ತು ಕ್ರ್ಯಾಂಕ್ ಪಾಲಿಷ್‌ನಲ್ಲಿ ಮುಗಿಯಬಹುದು. ಓಡಿಸಿದರೆ ರಾಡ್ ಬ್ಲಾಕನ್ನು ಒಡೆದು ಹೊರಬರುತ್ತದೆ.

ಆಗುಂಬೆ, ಚಾರ್ಮಾಡಿ ಘಾಟಿ ಹತ್ತುವಾಗ ಮಾತ್ರ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂತೆ ಸದ್ದು.

ಪೆಟ್ರೋಲ್ ಎಂಜಿನ್ನಿನ ನಾಕಿಂಗ್. ಗಾಳಿ-ಪೆಟ್ರೋಲ್ ಮಿಶ್ರಣ ಸಮಯಕ್ಕೆ ಮೊದಲೇ, ಅಡ್ಡಾದಿಡ್ಡಿ ಉರಿಯುತ್ತಿದೆ. ಮೊದಲು ಗೇರ್ ಇಳಿಸಿ: ಮೂರನೆಯದರಲ್ಲಿ ಎಳೆಸುವ ಬದಲು ಎರಡನೆಯದರಲ್ಲಿ 2500 ಆರ್‌ಪಿಎಂ ಮೇಲೆ ಹತ್ತಿಸಿ. ಅದರಿಂದ ಹೋದರೆ ದೋಷ ಅರ್ಧ ಓಡಿಸುವ ರೀತಿಯದು. ಹೋಗದಿದ್ದರೆ ಪ್ಲಗ್ ಹೀಟ್ ರೇಂಜ್ ಸರಿಯಿದೆಯೇ, ಕೂಲಂಟ್ ತುಂಬಿದೆಯೇ, ಥರ್ಮೋಸ್ಟಾಟ್ ತೆರೆಯುತ್ತಿದೆಯೇ, ಪಿಸ್ಟನ್ ತಲೆಯ ಮೇಲೆ ಕಾರ್ಬನ್ ಕಟ್ಟಿದೆಯೇ ಎಂದು ಕ್ರಮವಾಗಿ ನೋಡಿ. ಪಿ0325 ಬಂದಿದ್ದರೆ ನಾಕ್ ಸೆನ್ಸರ್ ಸರ್ಕ್ಯೂಟ್ ಸತ್ತಿದೆ.

ಬೆಲ್ಟ್ ಕೀಚ್ ಎನ್ನುತ್ತದೆ, ಮಳೆಗಾಲದಲ್ಲಿ ಹೆಚ್ಚು.

ಓಡುತ್ತಿರುವ ಬೆಲ್ಟಿನ ಹಲ್ಲಿನ ಕಡೆಗೆ ಸ್ವಲ್ಪ ನೀರು ಸಿಂಪಡಿಸಿ. ಸದ್ದು ಜೋರಾದರೆ ಬೆಲ್ಟ್ ಸಡಿಲ. ಸದ್ದು ಕೆಲವು ಸೆಕೆಂಡ್ ನಿಂತು ಮರಳಿ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ನೀರಿಗೂ ಸದ್ದಿಗೂ ಸಂಬಂಧವೇ ಇಲ್ಲದಿದ್ದರೆ ಬೇರಿಂಗ್. ಆಗ ಬೆಲ್ಟ್ ತೆಗೆದು ಎಂಜಿನ್ನನ್ನು ಅರ್ಧ ನಿಮಿಷ ಮಾತ್ರ ಓಡಿಸಿ (ವಾಟರ್ ಪಂಪ್ ನಿಂತಿರುತ್ತದೆ). ಸದ್ದು ಹೋದರೆ ಡೈನಮೋ, ವಾಟರ್ ಪಂಪ್, ಐಡ್ಲರ್ ಪುಲ್ಲಿಗಳನ್ನು ಕೈಯಿಂದ ತಿರುಗಿಸಿ, ಅಲುಗಾಡಿಸಿ. ಒರಟಾಗಿ ತಿರುಗುವುದೇ ಅಪರಾಧಿ. ವಾಟರ್ ಪಂಪ್ ಕೆಳಗಿನ ಸಣ್ಣ ತೂತಿನಿಂದ ಕೂಲಂಟ್ ಕಲೆ ಇಳಿದಿದ್ದರೆ ಅದರ ಕಾಲ ಮುಗಿದಿದೆ. ಬೆಲ್ಟಿಗೆ ಪೌಡರ್, ಸೋಪು, ಗ್ರೀಸ್ ಹಚ್ಚಬೇಡಿ.

ಟೈಮಿಂಗ್ ಬೆಲ್ಟ್ ಇರುವ ಗಾಡಿಗಳಲ್ಲಿ (ಹಳೆಯ 800 ಸಿಸಿ ಆಲ್ಟೋ, ಹಳೆಯ ಸ್ಯಾಂಟ್ರೋ) ಆ ಬೆಲ್ಟ್ ತುಂಡಾಗುವ ಮುನ್ನ ಸದ್ದೇ ಮಾಡದಿರಬಹುದು. ಕಿಲೋಮೀಟರ್ ಎಷ್ಟು, ವರ್ಷ ಎಷ್ಟು ಎಂಬುದೇ ಅಲ್ಲಿ ಲೆಕ್ಕ. ಹಳೆಯ ದಾಖಲೆ ಇಲ್ಲದ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡರೆ ಮೊದಲು ಅದನ್ನು ಟೆನ್ಷನರ್ ಸಮೇತ ಬದಲಿಸಿ.

ಕ್ಲಚ್ ಒತ್ತಿದಾಗ ಸದ್ದು ಬಂದರೆ? ಬಿಟ್ಟಾಗ ಬಂದರೆ?

ಒತ್ತಿದಾಗ ಕಿರ್ರ್ ಎಂದರೆ ರಿಲೀಸ್ ಬೇರಿಂಗ್. ನ್ಯೂಟ್ರಲ್‌ನಲ್ಲಿ ಕಾಲು ತೆಗೆದಾಗ ಗುರ್ರ್ ಎಂದು, ಒತ್ತಿದಾಗ ನಿಂತರೆ ಗೇರ್ ಬಾಕ್ಸ್ ಇನ್‌ಪುಟ್ ಶಾಫ್ಟ್ ಬೇರಿಂಗ್.

ಐಡ್ಲಿಂಗಿನಲ್ಲಿ ಇಡೀ ಗಾಡಿ ಧಡಧಡ ನಡುಗುತ್ತದೆ.

ಮೂರು ಸಿಲಿಂಡರ್ ಎಂಜಿನ್ ಸ್ವಲ್ಪ ನಡುಗುವುದೇ. ಆದರೆ ಮೊದಲಿಗಿಂತ ಹೆಚ್ಚಾಗಿದ್ದರೆ ಎಂಜಿನ್ ಮೌಂಟಿಂಗ್ ಅಥವಾ ಮಿಸ್ಸಿಂಗ್, ಎರಡರಲ್ಲೊಂದು. ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಒತ್ತಿ, ಮೊದಲ ಗೇರಿನಲ್ಲಿ ಕ್ಲಚ್ ಸ್ವಲ್ಪವೇ ಬಿಡಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು, ಗಾಡಿಯ ಮುಂದೆ ಅಲ್ಲ, ಎಂಜಿನ್ ಎಷ್ಟು ಎದ್ದು ಕೂರುತ್ತದೆ ಎಂದು ನೋಡಲಿ. ಹಿಡಿಯಷ್ಟು ಎದ್ದರೆ ರಬ್ಬರ್ ಹರಿದಿದೆ. ಎದ್ದೇಳದಿದ್ದರೆ ಮಿಸ್ಸಿಂಗ್ ಹುಡುಕಿ. ಝಣಝಣ ಎಂಬ ತಗಡಿನ ಸದ್ದು ಮಾತ್ರ ಇದ್ದರೆ ಸೈಲೆನ್ಸರ್ ಮೇಲಿನ ಹೀಟ್ ಶೀಲ್ಡ್, ಒಂದು ದೊಡ್ಡ ಹೋಸ್ ಕ್ಲಿಪ್ಪಿನಲ್ಲಿ ಮುಗಿಯುವ ಕೆಲಸ.

ಕೋಡ್ ಓದಲು ಏನು ಬೇಕು? ನನ್ನ ಗಾಡಿಗೆ ಆಗುತ್ತದೆಯೇ?

ಸ್ಟಿಯರಿಂಗ್ ಕೆಳಗೆ, ಡ್ಯಾಶ್‌ಬೋರ್ಡ್ ಅಡಿಯಲ್ಲಿ 16 ಪಿನ್ನಿನ ಓಬಿಡಿ (ಗಾಡಿ ತನ್ನ ದೋಷ ತಾನೇ ಹೇಳುವ ವ್ಯವಸ್ಥೆ) ಸಾಕೆಟ್ ಇರುತ್ತದೆ. ಈಎಲ್‌ಎಂ327 ಮಾದರಿಯ ಬ್ಲೂಟೂತ್ ಡಾಂಗಲ್ ಮತ್ತು ಫೋನಿನಲ್ಲೊಂದು ಆ್ಯಪ್ ಸಾಕು. ಬಿಎಸ್4 ಹೊಗೆ ನಿಯಮದಡಿ ನಮ್ಮಲ್ಲಿ ಏಪ್ರಿಲ್ 2010ರಿಂದ ಓಬಿಡಿಯ ಮೊದಲ ಹಂತ, ಏಪ್ರಿಲ್ 2013ರಿಂದ ಎರಡನೆಯ ಹಂತ ಬಂತು. ಆದ್ದರಿಂದ 2013ರ ನಂತರದ ಬಿಎಸ್4 ಗಾಡಿಗಳಲ್ಲಿ ಡಾಂಗಲ್ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. 2010ಕ್ಕಿಂತ ಹಳೆಯ ಗಾಡಿಗಳಲ್ಲಿ ಸಾಕೆಟ್ ಕಂಡರೂ ಭಾಷೆ ಬೇರೆಯಾಗಿರಬಹುದು. ಅವಕ್ಕೆ ಹಲವು ಕಂಪನಿಗಳ ಗಾಡಿ ಓದುವ ಗ್ಯಾರೇಜ್ ಸ್ಕ್ಯಾನರ್ ಬೇಕು.

ಓದಿದ ಕೂಡಲೇ ಅಳಿಸಬೇಡಿ. ಕೋಡಿನ ಜೊತೆ ಫ್ರೀಜ್ ಫ್ರೇಮ್ ಎಂಬ ದಾಖಲೆ ಇರುತ್ತದೆ. ದೋಷ ಕಂಡ ಕ್ಷಣದಲ್ಲಿ ವೇಗ ಎಷ್ಟು, ಆರ್‌ಪಿಎಂ ಎಷ್ಟು, ಕೂಲಂಟ್ ಎಷ್ಟು ಬಿಸಿ ಎಂಬುದು ಅದರಲ್ಲಿ ಸಿಗುತ್ತದೆ. ಫೋಟೋ ತೆಗೆದಿಟ್ಟುಕೊಳ್ಳಿ. ಗ್ಯಾರೇಜಿನಲ್ಲಿ ಬ್ಯಾಟರಿ ಬಿಚ್ಚಿ ಲೈಟ್ ಆರಿಸಿದರೆ ಇದೂ ಹೋಗುತ್ತದೆ, ರೋಗ ಅಲ್ಲೇ ಉಳಿಯುತ್ತದೆ.

ಕೋಡಿನಲ್ಲಿರುವ ಅಕ್ಷರ, ಅಂಕಿಗಳ ಅರ್ಥವೇನು?

ಪಿ ಎಂದರೆ ಎಂಜಿನ್ ಮತ್ತು ಗೇರ್ ಬಾಕ್ಸ್, ಸಿ ಎಂದರೆ ಬ್ರೇಕ್, ಸಸ್ಪೆನ್ಷನ್, ಬಿ ಎಂದರೆ ಬಾಡಿ, ಯು ಎಂದರೆ ಇಸಿಯುಗಳ ನಡುವಿನ ಸಂಪರ್ಕ. ಮೊದಲ ಅಂಕಿ 0 ಇದ್ದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ, 1 ಇದ್ದರೆ ಆ ಕಂಪನಿಯದೇ ಅರ್ಥ. ಹಾಗಾಗಿ ಪಿ1ರಿಂದ ಶುರುವಾಗುವ ಕೋಡನ್ನು ಬೇರೆ ಕಂಪನಿಯ ಪಟ್ಟಿಯಲ್ಲಿ ಹುಡುಕಬೇಡಿ. ಎರಡನೆಯ ಅಂಕಿ 1 ಅಥವಾ 2 ಆದರೆ ಇಂಧನ ಮತ್ತು ಗಾಳಿ, 3 ಆದರೆ ಇಗ್ನಿಷನ್, 4 ಆದರೆ ಹೊಗೆ ನಿಯಂತ್ರಣ, 5 ಆದರೆ ಐಡ್ಲಿಂಗ್ ಮತ್ತು ವೇಗ, 6 ಆದರೆ ಇಸಿಯು, 7 ಆದರೆ ಗೇರ್ ಬಾಕ್ಸ್.

ಕೋಡಿನಲ್ಲಿ ಯಾವ ಸೆನ್ಸರ್ ಹೆಸರಿದೆಯೋ ಅದನ್ನು ಬದಲಿಸಿದರೆ ಆಯಿತಲ್ಲ?

ಇಲ್ಲ. ಜನ ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲಿಯೇ. ಕೋಡ್ ದೂರು ಕೊಟ್ಟವರ ಹೆಸರನ್ನು ಹೇಳುತ್ತದೆ, ತಪ್ಪು ಮಾಡಿದವರದ್ದಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ‘ಗಾಳಿ ಹೆಚ್ಚಾಗಿದೆ’ ಎಂದು ದೂರಿದರೆ ಅದು ತನ್ನ ಕೆಲಸ ಮಾಡಿದೆ ಎಂದರ್ಥ.

ಪಿ0171 ಇದಕ್ಕೆ ಸರಿಯಾದ ಉದಾಹರಣೆ: ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ. ಆ್ಯಪ್‌ನಲ್ಲಿ ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಇಸಿಯು ಇಂಧನವನ್ನು ಎಷ್ಟು ಶೇಕಡಾ ಹೆಚ್ಚಿಸುತ್ತಿದೆ ಅಥವಾ ಇಳಿಸುತ್ತಿದೆ ಎಂಬ ಲೆಕ್ಕ) ಎರಡನ್ನೂ ತೆರೆದು ಕೂಡಿಸಿ. ಕೂಡಿಸಿದ್ದು ಪ್ಲಸ್ ಅಥವಾ ಮೈನಸ್ 10 ಶೇಕಡಾದೊಳಗೆ ಇರಬೇಕು. ಐಡ್ಲಿಂಗಿನಲ್ಲಿ ನೋಡಿ, ಆಮೇಲೆ 2500 ಆರ್‌ಪಿಎಂನಲ್ಲಿ ನೋಡಿ. ಐಡ್ಲಿಂಗಿನಲ್ಲಿ 20 ಇದ್ದು ರೇಸ್ ಮಾಡಿದಾಗ 5ಕ್ಕೆ ಇಳಿದರೆ ಎಲ್ಲೋ ಗಾಳಿ ಸೋರಿಕೆ: ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್, ಇನ್‌ಟೇಕ್ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರ್ ಪೈಪ್, ಎಂಜಿನ್ನಿನೊಳಗಿನ ಆವಿಯನ್ನು ಇನ್‌ಟೇಕಿಗೆ ಕಳಿಸುವ ಪಿಸಿವಿ ವಾಲ್ವ್. ತದ್ವಿರುದ್ಧವಾಗಿ ಐಡ್ಲಿಂಗಿನಲ್ಲಿ ಸರಿಯಿದ್ದು ರೇಸ್ ಮಾಡಿದಾಗ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ: ಕಟ್ಟಿದ ಫಿಲ್ಟರ್, ಸೋತ ಪಂಪ್. ಎರಡೂ ಕಡೆ ಒಂದೇ ಸಮನೆ ಹೆಚ್ಚಿದ್ದರೆ ಇಂಜೆಕ್ಟರ್ ಕೊಳೆ ಅಥವಾ ತಪ್ಪು ಹೇಳುವ ಸೆನ್ಸರ್. ಪೈಪುಗಳ ಮೇಲೆ ಸಾಬೂನು ನೀರು ಸಿಂಪಡಿಸುತ್ತಾ ಹೋದರೆ ಸೋರುವ ಜಾಗದಲ್ಲಿ ಐಡ್ಲಿಂಗ್ ಬದಲಾಗುತ್ತದೆ. ಬಿಸಿ ಎಂಜಿನ್ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸುವುದು ಬೆಂಕಿಗೆ ದಾರಿ.

ಇ20 (20 ಶೇಕಡಾ ಎಥನಾಲ್ ಬೆರೆಸಿದ) ಪೆಟ್ರೋಲಿನಿಂದ ಟ್ರಿಮ್ ಏರುತ್ತದೆಯೇ?

ಏರುತ್ತದೆ. ಎಥನಾಲ್ ಹೆಚ್ಚಾದಷ್ಟೂ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಇ10ರಿಂದ ಇ20ಕ್ಕೆ ಬಂದಾಗ ಲಾಂಗ್ ಟರ್ಮ್ ಟ್ರಿಮ್ ನಾಲ್ಕು ಶೇಕಡಾ ಆಸುಪಾಸು ಮೇಲೇರುವುದು ನಿರೀಕ್ಷಿತ. ಆರೋಗ್ಯವಾಗಿರುವ ಗಾಡಿ ಅದನ್ನು ಸರಿದೂಗಿಸಿಕೊಳ್ಳುತ್ತದೆ. ಮೊದಲೇ 15ರಲ್ಲಿ ನಿಂತಿದ್ದ ಗಾಡಿಗೆ ಇದೇ ಕೊನೆಯ ಹೊರೆಯಾಗಿ ಪಿ0171 ಬರಬಹುದು. ಹಳೆಯ ಗಾಡಿಗಳಲ್ಲಿ ರಬ್ಬರ್ ಪೈಪ್, ಸೀಲುಗಳನ್ನು ವರ್ಷಕ್ಕೊಮ್ಮೆ ಕೈಯಿಂದ ಬಗ್ಗಿಸಿ ನೋಡಿ.

ಪಿ0300, ಪಿ0301, ಪಿ0302... ಯಾವ ಭಾಗ ಬದಲಿಸಲಿ?

ಏನನ್ನೂ ಕೊಳ್ಳುವ ಮುನ್ನ ಅದಲುಬದಲು ಮಾಡಿ. ಪಿ0300 ಎಂದರೆ ಯಾವ ಸಿಲಿಂಡರ್ ಎಂದು ನಿಗದಿಯಿಲ್ಲದ ಮಿಸ್ಸಿಂಗ್, ಪಿ0302 ಎಂದರೆ ಎರಡನೇ ಸಿಲಿಂಡರ್ ಮಿಸ್ಸಿಂಗ್. ಎರಡರ ಕಾಯಿಲನ್ನು ಮೂರಕ್ಕೆ, ಮೂರರದನ್ನು ಎರಡಕ್ಕೆ ಹಾಕಿ, ಕೋಡ್ ಅಳಿಸಿ, ಓಡಿಸಿ. ಪಿ0303 ಬಂದರೆ ಕಾಯಿಲ್ ಹೋಗಿದೆ. ಪಿ0302 ಉಳಿದರೆ ಪ್ಲಗ್ ಅದಲುಬದಲು ಮಾಡಿ, ಆಮೇಲೆ ಇಂಜೆಕ್ಟರ್. ಪ್ಲಗ್ ವೈರ್ ಇರುವ ಸ್ಯಾಂಟ್ರೋದಂಥ ಗಾಡಿಗಳಲ್ಲಿ ಕತ್ತಲಲ್ಲಿ ಬಾನೆಟ್ ತೆರೆದು ನೋಡಿ, ಕರೆಂಟ್ ಸೋರುವ ವೈರಿನಲ್ಲಿ ನೀಲಿ ಕಿಡಿ ಕಾಣುತ್ತದೆ. ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ಟ್ಯಾಪೆಟ್ ಕವರ್ ಸೀಲ್ ಬದಲಿಸದೆ ಕಾಯಿಲ್ ಹಾಕಬೇಡಿ, ಹೊಸದೂ ಅದೇ ದಾರಿ ಹಿಡಿಯುತ್ತದೆ.

ಇಷ್ಟಾದರೂ ಅದೇ ಸಿಲಿಂಡರ್ ಎಂದರೆ ಕಂಪ್ರೆಷನ್ (ಸಿಲಿಂಡರಿನೊಳಗೆ ಏರುವ ಒತ್ತಡ) ಅಳೆಯಿರಿ. ಎಂಜಿನ್ ಬಿಸಿ, ಎಲ್ಲ ಪ್ಲಗ್ ಹೊರಗೆ, ಇಂಜೆಕ್ಟರ್ ಕನೆಕ್ಟರ್‌ಗಳು ಹೊರಗೆ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಐದಾರು ಸುತ್ತು ಸೆಲ್ಫ್ ಹೊಡೆಯಿರಿ. ಸಿಲಿಂಡರ್‌ಗಳ ನಡುವೆ 1 ಬಾರ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಇರುವುದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡೂ ಕಡಿಮೆಯಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್.

ಪಿ0420 (ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ) ಬಂದಿದೆ. ಕನ್ವರ್ಟರ್ ದುಬಾರಿ.

ಅದಕ್ಕೇ ಕೊನೆಗೆ ಮುಟ್ಟಿ. ಮುಂದಿನ (ಕನ್ವರ್ಟರಿಗೆ ಮೊದಲು ಇರುವ) ಆಕ್ಸಿಜನ್ ಸೆನ್ಸರ್‌ನ ವೋಲ್ಟೇಜ್ 0.1ರಿಂದ 0.9ರ ನಡುವೆ ಬೇಗಬೇಗ ಏರಿಳಿಯಬೇಕು, ಹಿಂದಿನದು (ಕನ್ವರ್ಟರಿನ ಆಚೆಯದು) 0.6ರ ಆಸುಪಾಸು ಹೆಚ್ಚುಕಡಿಮೆ ನಿಂತಿರಬೇಕು. ಹಿಂದಿನದೂ ಮುಂದಿನದರಂತೆ ಕುಣಿಯುತ್ತಿದ್ದರೆ ಕನ್ವರ್ಟರ್ ಸತ್ತಿದೆ. ಹಿಂದಿನ ಸೆನ್ಸರಿಗೆ ಮೊದಲು ಪೈಪ್ ಸೋರುತ್ತಿದ್ದರೂ ಇದೇ ಕೋಡ್ ಬರುತ್ತದೆ. ಕರಾವಳಿಯಲ್ಲಿ ತುಕ್ಕು ಹಿಡಿದ ಪೈಪ್ ಜೋಡಣೆಗಳನ್ನು ಮೊದಲು ನೋಡಿ. ಕನ್ವರ್ಟರ್ ತಾನಾಗಿ ಸಾಯುವುದು ಅಪರೂಪ, ಆಯಿಲ್ ಕುಡಿಯುವ ಅಥವಾ ಮಿಸ್ಸಿಂಗ್ ಹೊಡೆಯುವ ಎಂಜಿನ್ ಅದನ್ನು ಕೊಲ್ಲುತ್ತದೆ. ಆ ಕಾರಣ ಸರಿಮಾಡದೆ ಹೊಸದು ಹಾಕಿಸಿದರೆ ಅದೂ ಹೋಗುತ್ತದೆ.

ಬಿಸಿಯಾದ ಮೇಲೆ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ಸ್ಟಾರ್ಟ್ ಆಗುತ್ತದೆ. ಪಿ0335.

ಕ್ರ್ಯಾಂಕ್ ಪೊಸಿಷನ್ ಸೆನ್ಸರ್. ಇದು ಕೋಡ್ ಮತ್ತು ಭಾಗ ನಿಜಕ್ಕೂ ಹೊಂದುವ ಅಪರೂಪದ ಪ್ರಸಂಗ, ಆದರೂ ವೈರ್ ನೋಡಿಯೇ ಕೊಳ್ಳಿ. ನಿಂತ ಕೂಡಲೇ ಸೆಲ್ಫ್ ಹೊಡೆಯುತ್ತಾ ಆ್ಯಪ್‌ನಲ್ಲಿ ಆರ್‌ಪಿಎಂ ನೋಡಿ. ಎಂಜಿನ್ ಸುತ್ತುತ್ತಿದ್ದರೂ 0 ತೋರಿಸಿದರೆ ಸೆನ್ಸರ್ ಅಥವಾ ಅದರ ವೈರಿಂಗ್. ಮನೆ ಮುಂದೆ ನಿಲ್ಲುವ ಗಾಡಿಗಳಲ್ಲಿ ಇಲಿ ಕಡಿದ ವೈರ್ ಬಹಳ ಸಾಮಾನ್ಯ. ಬಾನೆಟ್ ಕೆಳಗೆ ಹಿಕ್ಕೆ, ನಾರು ಕಂಡರೆ ಮೊದಲು ಹಾರ್ನೆಸ್ (ವೈರಿನ ಕಟ್ಟು) ಉದ್ದಕ್ಕೂ ಕೈಯಾಡಿಸಿ.

ಮಳೆಯಲ್ಲಿ ಓಡಿಸಿದ ಮರುದಿನ ಒಂದೇ ಸಲ ಆರೇಳು ಕೋಡ್ ಬಂದಿವೆ.

ಆರೇಳು ಭಾಗ ಒಂದೇ ದಿನ ಹಾಳಾಗುವುದಿಲ್ಲ. ಬ್ಯಾಟರಿ, ಅರ್ತ್, ಕನೆಕ್ಟರ್ ಈ ಮೂರನ್ನು ನೋಡಿ. ರಾತ್ರಿ ಕಳೆದ ಬ್ಯಾಟರಿ 12.6 ವೋಲ್ಟ್ ಆಸುಪಾಸು, ಎಂಜಿನ್ ಓಡುವಾಗ 13.8ರಿಂದ 14.5, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿಯಬಾರದು. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಹಿಡಿದು, ಎಂಜಿನ್ ಓಡುವಾಗ ಹೆಡ್‌ಲೈಟ್, ಎಸಿ ಹಾಕಿ. 0.2 ವೋಲ್ಟ್‌ಗಿಂತ ಹೆಚ್ಚು ತೋರಿದರೆ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ. ಬಿಚ್ಚಿ ಉಜ್ಜು ಕಾಗದದಿಂದ ಹೊಳೆಯುವವರೆಗೆ ಉಜ್ಜಿ ಬಿಗಿಯಿರಿ.

ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) 91 ತೋರಿಸುತ್ತದೆ, 101 ಇರಬೇಕು ಎಂದು ಗ್ಯಾರೇಜಿನಲ್ಲಿ ಹೇಳಿದರು.

ಗಾಡಿ ಎಲ್ಲಿದೆ ಎಂದು ಕೇಳಬೇಕು. ಎಂಜಿನ್ ಆರಿಸಿ ಕೀ ಆನ್ ಮಾಡಿದಾಗ ಮ್ಯಾಪ್ ತೋರಿಸುವುದು ಊರಿನ ಗಾಳಿಯ ಒತ್ತಡವನ್ನು. ಮಂಗಳೂರಿನಲ್ಲಿ 101 ಕಿಲೋಪಾಸ್ಕಲ್, ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದ ಬೆಂಗಳೂರಿನಲ್ಲಿ 91, ಮಡಿಕೇರಿಯಲ್ಲಿ 88 ಆಸುಪಾಸು. ಗಾಡಿ ಬೆಂಗಳೂರಿನಲ್ಲಿದ್ದರೆ ನಿಮ್ಮ ಸೆನ್ಸರ್ ಸರಿಯಾಗಿದೆ. ಬಿಸಿ ಎಂಜಿನ್ ಐಡ್ಲಿಂಗಿನಲ್ಲಿ 28ರಿಂದ 40ರ ನಡುವೆ ಇರಬೇಕು. 50 ದಾಟಿದರೆ ಗಾಳಿ ಸೋರಿಕೆ, ತಪ್ಪಿದ ಟೈಮಿಂಗ್ ಅಥವಾ ಸೋತ ಕಂಪ್ರೆಷನ್.

ಡೀಸೆಲ್ ಗಾಡಿಯ ಪಿ0087, ಪಿ0299, ಪಿ0401 ಬಗ್ಗೆ ಹೇಳಿ.

ಪಿ0087 ಎಂದರೆ ರೈಲ್ ಒತ್ತಡ ಸಾಲದು. ಪಂಪ್ ಬಿಚ್ಚಿಸುವ ಮುನ್ನ ಡೀಸೆಲ್ ಫಿಲ್ಟರ್ ಬದಲಿಸಿ. ಹಳೆಯ ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಲೋಟಕ್ಕೆ ಬಸಿದು ಹತ್ತು ನಿಮಿಷ ಬಿಡಿ, ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಆಮೇಲೆ ಇಂಜೆಕ್ಟರ್ ರಿಟರ್ನ್ ಪರೀಕ್ಷೆ: ಒಂದೊಂದರ ರಿಟರ್ನ್ ಪೈಪನ್ನು ಒಂದೊಂದು ಬಾಟಲಿಗೆ ಬಿಟ್ಟು ಐಡ್ಲಿಂಗಿನಲ್ಲಿ ಒಂದೆರಡು ನಿಮಿಷ ಓಡಿಸಿ. ಉಳಿದವುಗಳ ಎರಡು ಮೂರು ಪಟ್ಟು ತುಂಬಿಸಿದ್ದೇ ಸೋರುವ ಇಂಜೆಕ್ಟರ್. ಹೈ ಪ್ರೆಶರ್ ಪೈಪನ್ನು ಮಾತ್ರ ಎಂಜಿನ್ ಓಡುವಾಗ ಸಡಿಲಿಸಬೇಡಿ. ಸಾವಿರ ಬಾರ್ ದಾಟುವ ಡೀಸೆಲ್ ಧಾರೆ ಚರ್ಮವನ್ನು ಸೀಳಿ ಒಳಹೋಗುತ್ತದೆ.

ಪಿ0299 ಟರ್ಬೋ ಒತ್ತಡ ಸಾಲದು ಎನ್ನುತ್ತದೆ. ಟರ್ಬೋ ಬದಲಿಸಲು ಒಪ್ಪುವ ಮುನ್ನ ಟರ್ಬೋದಿಂದ ಇಂಟರ್‌ಕೂಲರ್, ಅಲ್ಲಿಂದ ಎಂಜಿನ್‌ವರೆಗಿನ ರಬ್ಬರ್ ಹೋಸ್‌ಗಳನ್ನು ಬಿಚ್ಚಿ ಒಳಗಡೆ ಬೆಳಕು ಹಿಡಿದು ನೋಡಿ. ಪಿಕಪ್ ಕೊಟ್ಟಾಗ ಸುಂಯ್ ಎನ್ನುವ, ಹೊರಗೆ ಆಯಿಲ್ ಜಿಡ್ಡು ಕಟ್ಟಿದ ಜಾಗದಲ್ಲಿ ಸೀಳಿರುತ್ತದೆ. ಪಿ0401 ಎಂದರೆ ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ) ಹರಿವು ಕಡಿಮೆ. ಪೇಟೆಯಲ್ಲೇ ಓಡುವ ಗಾಡಿಗಳಲ್ಲಿ ಮಸಿ ಕಟ್ಟಿದ ಇಜಿಆರ್ ವಾಲ್ವ್ ಬಿಚ್ಚಿ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿದರೆ ಹೆಚ್ಚಿನವು ಸರಿಹೋಗುತ್ತವೆ. ತಗಡು ಹಾಕಿ ಮುಚ್ಚಿದರೆ ಇದೇ ಕೋಡ್ ಶಾಶ್ವತವಾಗಿ ಉಳಿಯುತ್ತದೆ.

ಸರಿಮಾಡಿದ ಮೇಲೆ ಲೈಟ್ ಮತ್ತೆ ಬರುವುದಿಲ್ಲ ಎಂದು ಹೇಗೆ ತಿಳಿಯುವುದು?

ಕೋಡ್ ಅಳಿಸಿದಾಗ ಇಸಿಯು ತನ್ನ ಸ್ವಂತ ಪರೀಕ್ಷೆಗಳನ್ನೂ ಮರೆಯುತ್ತದೆ. ಅವೆಲ್ಲ ಮತ್ತೆ ಮುಗಿಯುವವರೆಗೆ ಲೈಟ್ ಬಂದಿಲ್ಲ ಎಂದರೆ ಏನೂ ಸಾಬೀತಾಗಿಲ್ಲ. ರಾತ್ರಿ ತಣ್ಣಗಾದ ಗಾಡಿಯನ್ನು ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷ ಐಡ್ಲಿಂಗ್, ಹತ್ತು ಹದಿನೈದು ನಿಮಿಷ 60-80ರ ಸಮ ವೇಗ, ಮಧ್ಯೆ ಒಂದೆರಡು ಸಲ ಬ್ರೇಕ್ ಒತ್ತದೆ ಆಕ್ಸಿಲರೇಟರ್ ಮಾತ್ರ ಬಿಟ್ಟು ಇಳಿಸುವುದು, ಮತ್ತೆ ಐಡ್ಲಿಂಗ್. ಮೂರು ನಾಲ್ಕು ದಿನ ಹೀಗೆ ಓಡಿಸಿ. ಆ್ಯಪ್‌ನ ರೆಡಿನೆಸ್ ಪಟ್ಟಿಯಲ್ಲಿ ನಿಮ್ಮ ಗಾಡಿಗಿರುವ ಪರೀಕ್ಷೆಗಳೆಲ್ಲ ಪೂರ್ತಿ ಎಂದು ತೋರಿಸಿ, ಪೆಂಡಿಂಗ್ ಕೋಡ್ ಖಾಲಿಯಿದ್ದರೆ ಕೆಲಸ ಆಗಿದೆ. ಗ್ಯಾರೇಜಿಗೆ ಬಾಕಿ ಹಣ ಕೊಡುವುದಿದ್ದರೆ ಆಗ ಕೊಡಿ.